ದಾನಶಾಲೆ: ಅದರ ಇತಿಹಾಸ ಮತ್ತು ಕಟ್ಟಡಕ್ರಮ
(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣದ ಪಾಠ)

 

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವು ಎಲ್ಲಿ ನಡೆದರೂ ಅಲ್ಲಿ ಎರಡು ಚಪ್ಪರಗಳು ಏಳುತ್ತವೆ. ಒಂದು ಬಿಂಬಪ್ರತಿಷ್ಠೆಯ ಮಂಟಪ; ಮತ್ತೊಂದು ಅನ್ನಸಂತರ್ಪಣೆಯ ಚಪ್ಪರ. ಮೊದಲನೆಯದರಲ್ಲಿ ಮಂತ್ರಘೋಷ, ಎರಡನೆಯದರಲ್ಲಿ ಒಲೆಯ ಉರಿ. ಉತ್ಸವದ ದಿನಗಳು ಮುಗಿದ ಮೇಲೆ ಬಿಂಬವು ಗರ್ಭಗೃಹದಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ನಿತ್ಯಪೂಜೆಗೆ ಏರ್ಪಾಡಾಗುತ್ತದೆ. ಎರಡನೆಯ ಚಪ್ಪರದ ಗಳುಗಳನ್ನು ಮಾತ್ರ ಮರುದಿನವೇ ಬಿಚ್ಚಿ ಗಾಡಿಗೆ ಹೇರುತ್ತಾರೆ. ಆ ಮರುದಿನದ ಸಂಜೆ ಹಸಿದ ಒಬ್ಬ ದಾರಿಹೋಕನು ಬಸದಿಯ ಬಾಗಿಲಿಗೆ ಬಂದರೆ ಅವನಿಗೆ ಏನು ವ್ಯವಸ್ಥೆ ಎಂಬ ಪ್ರಶ್ನೆಯನ್ನು ಪೂರ್ವಿಕರು ಕೇಳಿಕೊಂಡಿದ್ದರು. ಅವರು ಕಂಡುಕೊಂಡ ಉತ್ತರವೇ ದಾನಶಾಲೆ. ಆ ದಾನಶಾಲೆಯ ಇತಿಹಾಸವನ್ನೂ ಕಟ್ಟಡದ ಕ್ರಮವನ್ನೂ ಈ ಶುಭಾವಸರದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಸತ್ರ, ಛತ್ರ, ಧರ್ಮಶಾಲೆ, ಅರವಟ್ಟಿಗೆ, ದಾನಶಾಲೆ ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದ ಮಾತುಗಳು. ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವ ತಾಣ ಅರವಟ್ಟಿಗೆ. ಅನ್ನವನ್ನೂ ತಂಗಲು ಸ್ಥಳವನ್ನೂ ಕೊಡುವುದು ಸತ್ರ ಅಥವಾ ಛತ್ರ. ದಾನಶಾಲೆ ಎಂಬ ಹೆಸರು ಜೈನಕ್ಷೇತ್ರಗಳಲ್ಲಿ ವಿಶೇಷವಾಗಿ ರೂಢಿಗೆ ಬಂತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕನ ನಿತ್ಯಕರ್ತವ್ಯಗಳೆಂಬುದು ಸರ್ವವಿದಿತ. ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದ ತಮ್ಮ ಆದಿಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಮಹಾತಪಸ್ವಿಗಳಿಗೆ ಕೊಡುವುದು ಪಾತ್ರದತ್ತಿ. ಸಮಾನಧರ್ಮಿಗಳಾದ ಶ್ರಾವಕರಿಗೆ ಕೊಡುವುದು ಸಮದತ್ತಿ. ಮನೆತನದ ಭಾರವನ್ನು ಮಗನಿಗೆ ಒಪ್ಪಿಸುವುದು ಅನ್ವಯದತ್ತಿ. ಇವುಗಳಲ್ಲಿ ಮೊದಲು ಹೇಳಲ್ಪಟ್ಟ ದಯಾದತ್ತಿಯಲ್ಲಿ ಪಡೆಯುವವನ ಯೋಗ್ಯತೆಯ ಪರೀಕ್ಷೆಯಿಲ್ಲ. ಅವನು ಕಷ್ಟದಲ್ಲಿದ್ದಾನೆಂಬುದೇ ಸಾಕು. ದಾನಶಾಲೆಯ ಬಾಗಿಲು ತೆರೆದಿರುವುದು ಮುಖ್ಯವಾಗಿ ಈ ದಯಾದತ್ತಿಗಾಗಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳ ಈ ಸೀಮೆಯು ದಾರಿಗಳ ಸೀಮೆ. ಬೆಂಗಳೂರಿನಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ಮೂಲಕ ಪೆನುಗೊಂಡೆಯ ಕಡೆಗೆ ಹೋಗುವ ಹೆದ್ದಾರಿಯೊಂದು. ಚಿಂತಾಮಣಿಯಿಂದ ಮದನಪಲ್ಲಿಯ ಮಾರ್ಗವಾಗಿ ತಿರುಪತಿಯ ಕಡೆಗೆ ಹೋಗುವ ಯಾತ್ರೆಯ ದಾರಿಯೊಂದು. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಹೋಗುವುದು ಮತ್ತೊಂದು. ನಂದಿಯ ಶಿವರಾತ್ರಿ ಜಾತ್ರೆಗೆ ದನಗಳನ್ನು ಹೊಡೆದುಕೊಂಡು ಬರುವ ರೈತರು, ವಿದುರಾಶ್ವತ್ಥದಲ್ಲಿ ನಾಗಪ್ರತಿಷ್ಠೆ ಮಾಡಿಸಲು ಬರುವ ದಂಪತಿಗಳು, ಕೈವಾರಕ್ಕೆ ಬರುವ ಭಕ್ತರು, ಸಂತೆಗೆ ಹೇರು ಸಾಗಿಸುವ ವರ್ತಕರು ಇವರೆಲ್ಲರೂ ಎತ್ತಿನ ಗಾಡಿಯ ಕಾಲದಲ್ಲಿ ದಿನಕ್ಕೆ ಹತ್ತು ಹದಿನೈದು ಮೈಲಿ ನಡೆದು ಎಲ್ಲಾದರೂ ರಾತ್ರಿ ಕಳೆಯಲೇಬೇಕಾಗಿತ್ತು. ಈ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಕೆರೆ ಬಾವಿಗಳೇ ಜೀವಾಧಾರ. ಆದ್ದರಿಂದ ದಾರಿಯ ಬದಿಯಲ್ಲಿ ಒಂದು ಬಾವಿ ತೋಡಿಸಿ, ತೋಪು ಹಾಕಿಸಿ, ಕಲ್ಲುಮಂಟಪ ಕಟ್ಟಿಸಿದವನನ್ನು ಜನ ಪುಣ್ಯವಂತನೆಂದು ಕೊಂಡಾಡಿದರು. ಚಿಂತಾಮಣಿ ಎಂಬ ಊರಿನ ಹೆಸರು ಮರಾಠ ಸರದಾರ ಚಿಂತಾಮಣಿರಾವ್ ಅವರಿಂದ ಬಂದುದು. ಆದರೂ ಆ ಹೆಸರನ್ನು ಕೇಳಿದಾಗ ಜೈನಬಂಧುಗಳಿಗೆ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಗುವುದು ಸಹಜ.

ಇಂತಹ ಹಳ್ಳಿಯ ಛತ್ರಗಳ ಕಟ್ಟಡಕ್ರಮವು ಸರಳವಾದರೂ ಬಹು ಯೋಚನೆಯಿಂದ ಕೂಡಿದ್ದು. ಮುಂದೆ ಉದ್ದಕ್ಕೂ ಆಳೆತ್ತರಕ್ಕಿಂತ ಕಡಿಮೆಯ ಜಗಲಿ. ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ಇಳಿಸುವುದಕ್ಕೂ, ಕುಳಿತು ದಣಿವಾರಿಸಿಕೊಳ್ಳುವುದಕ್ಕೂ ಅದು ಒದಗುತ್ತದೆ. ಜಗಲಿಯ ಮೇಲೆ ಕಲ್ಲುಕಂಬಗಳ ಸಾಲು. ಬಾಗಿಲು ದಾಟಿದರೆ ಪಡಸಾಲೆ, ನಡುವೆ ಬೆಳಕೂ ಮಳೆನೀರೂ ಬೀಳುವ ತೊಟ್ಟಿ, ಸುತ್ತ ಕೊಠಡಿಗಳು, ಹಿಂದುಗಡೆ ಅಡುಗೆಮನೆ ಮತ್ತು ಉಗ್ರಾಣ, ಹಿತ್ತಿಲಲ್ಲಿ ಬಾವಿ, ಪಕ್ಕದಲ್ಲಿ ಗಾಡಿ ಬಿಡುವ ಬಯಲು ಮತ್ತು ದನಗಳಿಗೆ ನೀರಿನ ತೊಟ್ಟಿ. ಈ ಸೀಮೆಯಲ್ಲಿ ಮರಕ್ಕಿಂತ ಕಲ್ಲು ಸುಲಭವಾಗಿ ದೊರೆಯುತ್ತದೆ. ಬಂಡೆಗೆ ಬೆಂಕಿಯ ಕಾವು ಕೊಟ್ಟು, ಉಳಿಯಿಂದ ಸಾಲುಗುಳಿ ಹೊಡೆದು, ಉದ್ದನೆಯ ಚಪ್ಪಡಿಗಳನ್ನು ಎಬ್ಬಿಸುವ ವಿದ್ಯೆ ಇಲ್ಲಿನ ಕಲ್ಲುಕುಟಿಗರಿಗೆ ಕರಗತ. ಕಂಬ ಕಲ್ಲು, ತೊಲೆ ಕಲ್ಲು, ಸೂರೂ ಕಲ್ಲು. ಮೇಲೆ ಸುಣ್ಣ ಮರಳು ಬೆಲ್ಲದ ನೀರು ಬೆರೆಸಿ ಅರೆದ ಗಾರೆಯ ಲೇಪ. ಹೀಗೆ ಕಟ್ಟಿದುದಕ್ಕೆ ಗೆದ್ದಲಿನ ಭಯವಿಲ್ಲ, ಬೆಂಕಿಯ ಭಯವೂ ಕಡಿಮೆ. ಚಪ್ಪಡಿ ಎಷ್ಟು ಉದ್ದವೋ ಕಂಬಗಳ ನಡುವಣ ಅಂತರವೂ ಅಷ್ಟೆ. ಆದ್ದರಿಂದಲೇ ಹಳೆಯ ಕಲ್ಲುಛತ್ರಗಳಲ್ಲಿ ಕಂಬಗಳು ಒತ್ತಾಗಿ ನಿಂತಿರುತ್ತವೆ. ಹೆಂಚು ಮತ್ತು ಕಬ್ಬಿಣದ ತೊಲೆ ಬಂದ ಮೇಲೆ ಈ ಕ್ರಮ ಬದಲಾಯಿತು.

ಜೈನರ ದಾನಶಾಲೆಗೆ ಇನ್ನೂ ಕೆಲವು ನಿಯಮಗಳಿವೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕಾದುದರಿಂದ ಅಡುಗೆಮನೆಗೂ ಭೋಜನದ ಪಡಸಾಲೆಗೂ ಹಗಲಿನ ಬೆಳಕು ಧಾರಾಳವಾಗಿ ಬರಬೇಕು. ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಬೇಕಾದುದರಿಂದ ಬಾವಿಯೂ ಅಡುಗೆಮನೆಯೂ ಹತ್ತಿರವಿರಬೇಕು. ಧಾನ್ಯದಲ್ಲಿ ಹುಳು ಹುಟ್ಟದಂತೆ ಉಗ್ರಾಣದಲ್ಲಿ ತೇವ ನಿಲ್ಲಬಾರದು, ಗಾಳಿ ಆಡಬೇಕು. ಅಹಿಂಸಾವ್ರತವು ಇಲ್ಲಿ ಕಿಟಕಿಯ ಅಳತೆಯನ್ನೂ ಬಾವಿಯ ಸ್ಥಾನವನ್ನೂ ನಿರ್ಧರಿಸುತ್ತದೆ.

ಆದರೆ ಕಲ್ಲು ಎಷ್ಟು ಗಟ್ಟಿಯಾದರೂ ಛತ್ರ ಉಳಿಯುವುದು ಕಲ್ಲಿನಿಂದಲ್ಲ. ಉಗ್ರಾಣಕ್ಕೆ ಅಕ್ಕಿ ಎಲ್ಲಿಂದ ಬರುತ್ತದೆ, ಒಲೆ ಹಚ್ಚುವವನಿಗೆ ಸಂಬಳ ಯಾರು ಕೊಡುತ್ತಾರೆ, ಸೋರುವ ಸೂರಿಗೆ ಗಾರೆ ಯಾರು ಹಾಕಿಸುತ್ತಾರೆ ಎಂಬ ಕಟ್ಟಳೆ ಇದ್ದರೆ ಮಾತ್ರ ಅದು ಛತ್ರ. ಇಲ್ಲದಿದ್ದರೆ ಅದು ಹಾಳುಮಂಟಪ. ಕಟ್ಟಿಸಿದವನಷ್ಟೇ ಕಾಪಾಡಿದವನೂ ದೊಡ್ಡವನೆಂಬ ಭಾವನೆ ಈ ಸೀಮೆಯಲ್ಲಿ ಬಹಳ ಹಳೆಯದು. ನಂದಿಗಿರಿಯ ಬಳಿ ಗೋಪಿನಾಥ ಬೆಟ್ಟದಲ್ಲಿ ಸುಮಾರು ಎಂಟನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸಿರುವ ಒಂದು ಜೈನಶಾಸನವಿದೆ. ಅಲ್ಲಿನ ಅರ್ಹಂತರ ಚೈತ್ಯಾಲಯವನ್ನು ದಶರಥಪುತ್ರ ರಾಮನು ಸ್ಥಾಪಿಸಿದನೆಂದೂ, ಪಾಂಡವರ ತಾಯಿ ಕುಂತಿಯು ಅದನ್ನು ಜೀರ್ಣೋದ್ಧಾರ ಮಾಡಿಸಿದಳೆಂದೂ ಆ ಶಾಸನ ಹೇಳುತ್ತದೆ. ಇದು ಪುರಾಣಸಂಪ್ರದಾಯದ ಮಾತು, ಚರಿತ್ರೆಯ ಲೆಕ್ಕವಲ್ಲ. ಆದರೆ ಶಾಸನ ಬರೆಯಿಸಿದವರ ಮನಸ್ಸು ಇದರಿಂದ ತಿಳಿಯುತ್ತದೆ. ಸ್ಥಾಪಿಸಿದವನ ಹೆಸರಿನ ಪಕ್ಕದಲ್ಲಿಯೇ ಜೀರ್ಣೋದ್ಧಾರ ಮಾಡಿದವಳ ಹೆಸರನ್ನೂ ಅವರು ಇಟ್ಟರು.

ಬಸದಿ ಮತ್ತು ಆಹಾರದಾನಗಳು ಹೇಗೆ ಜೊತೆಯಾಗಿ ನಡೆದವು, ಹೇಗೆ ತೊಡಕಿಗೆ ಸಿಕ್ಕವು, ಮತ್ತೆ ಹೇಗೆ ಎದ್ದು ನಿಂತವು ಎಂಬುದನ್ನು ಆಧಾರಸಹಿತವಾಗಿ ಅರಿಯಬೇಕಾದರೆ ಶ್ರವಣಬೆಳಗೊಳದ ಕಡೆಗೆ ನೋಡಬೇಕು. ಅಲ್ಲಿ 1123ರಲ್ಲಿ ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯು ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಮೊಟ್ಟೆನವಿಲೆ ಗ್ರಾಮವನ್ನು ಬಿಟ್ಟುಕೊಟ್ಟಳು. ಆ ದತ್ತಿಯು ದೇವರ ಅಭಿಷೇಕ ಪೂಜೆಗಳಿಗೆ ಮಾತ್ರವಲ್ಲದೆ ಮುನಿಸಮುದಾಯದ ಆಹಾರದಾನಕ್ಕೂ ಸಲ್ಲಬೇಕಾಗಿತ್ತು. ಬಸದಿಯನ್ನು ಕಟ್ಟಿದ ದಿನವೇ ಅನ್ನಕ್ಕೂ ಏರ್ಪಾಡು ಮಾಡಿದ ನಿದರ್ಶನವಿದು.

ಬೆಳಗೊಳದ ಊರೊಳಗೆ ಅಕ್ಕನ ಬಸದಿ ಇದೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕನು 1181ರಲ್ಲಿ ಅದನ್ನು ಕಟ್ಟಿಸಿದಳು. ನುಣ್ಣನೆಯ ದುಂಡುಕಂಬಗಳೂ ಕುಸುರಿಯ ಒಳಚಾವಣಿಯೂ ಉಳ್ಳ ಹೊಯ್ಸಳ ಶೈಲಿಯ ಬಸದಿ ಅದು. ಅದರ ಪ್ರಾಕಾರದ ಪಶ್ಚಿಮ ಪಾರ್ಶ್ವದಲ್ಲಿ ಸಿದ್ಧಾಂತ ಬಸದಿ. ಹಿಂದೆ ಅಲ್ಲಿಯ ಒಂದು ಕೋಣೆಯಲ್ಲಿ ಸಿದ್ಧಾಂತಗ್ರಂಥಗಳನ್ನು ರಕ್ಷಿಸಿಡುತ್ತಿದ್ದುದರಿಂದ ಆ ಹೆಸರು ಬಂದಿತೆಂದು ಪ್ರತೀತಿ. ಅಕ್ಕನ ಬಸದಿಯ ದ್ವಾರದ ಹತ್ತಿರವೇ ದಾನಶಾಲೆ ಬಸದಿ. ಅದು ಚಿಕ್ಕ ಕಟ್ಟಡ. ಕುಸುರಿ ಕೆಲಸವಿಲ್ಲ, ಆಡಂಬರವಿಲ್ಲ. ಒಳಗೆ ಸುಮಾರು ಮೂರು ಅಡಿ ಎತ್ತರದ ಒಂದೇ ಶಿಲೆಯಲ್ಲಿ ಪಂಚಪರಮೇಷ್ಠಿಗಳನ್ನು ಕಡೆದಿದ್ದಾರೆ. ಪೂಜೆಯ ಸ್ಥಾನ, ಶಾಸ್ತ್ರದ ಸ್ಥಾನ, ದಾನದ ಸ್ಥಾನ ಈ ಮೂರೂ ಕೆಲವೇ ಹೆಜ್ಜೆಗಳ ಅಂತರದಲ್ಲಿ ಇರುವುದನ್ನು ಯಾತ್ರಿಕರು ಗಮನಿಸಬೇಕು. ಮೂರರಲ್ಲಿ ಅತ್ಯಂತ ಸಾದಾ ಆದದ್ದು ದಾನದ ಸ್ಥಾನ. ಅಲ್ಲಿ ಖರ್ಚಾಗಬೇಕಾದುದು ಕೆತ್ತನೆಗಲ್ಲ, ಅನ್ನಕ್ಕೆ ಎಂಬುದು ಆ ಗೋಡೆಗಳನ್ನು ನೋಡಿದರೆ ತಿಳಿಯುತ್ತದೆ.

ಮುಂದಿನ ಶತಮಾನಗಳಲ್ಲಿ ಬೆಳಗೊಳಕ್ಕೆ ಕಷ್ಟಕಾಲ ಬಂತು. ದೇವಸ್ಥಾನದ ಭೂಮಿಗಳನ್ನು ಸ್ಥಾನಿಕರು ತೊಂದರೆಯ ದೆಸೆಯಿಂದ ವರ್ತಕರಿಗೂ ಸಾಹುಕಾರರಿಗೂ ಅಡವಿಟ್ಟರು. ಅಡವು ಹಿಡಿದವರು ಬಹುಕಾಲ ಆ ಭೂಮಿಯ ಉತ್ಪತ್ತಿಯನ್ನು ಅನುಭವಿಸಿದರು. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಇದನ್ನು ತಿಳಿದು, ಅಡವು ಹಿಡಿದವರನ್ನು ಕರೆಯಿಸಿ, ಆ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ಆ ವರ್ತಕರು ಹಣವನ್ನು ಸ್ವೀಕರಿಸದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವಿನ ಪತ್ರಗಳನ್ನು ಬಿಟ್ಟುಕೊಟ್ಟರು. ಮುಂದೆ ದೇವರ ಭೂಮಿಯನ್ನು ಅಡವಿಡುವವರೂ ಅಡವು ಹಿಡಿಯುವವರೂ ಧರ್ಮಕ್ಕೆ ಹೊರಗಾದವರೆಂಬ ಕಟ್ಟುಪಾಡಾಯಿತು. ಈ ವೃತ್ತಾಂತವು ಬೆಳಗೊಳದ ಶಾಸನಗಳಲ್ಲಿ ದಾಖಲಾಗಿದೆ.

ಈ ಪ್ರಸಂಗವನ್ನು ವರ್ತಕಸಮಾಜವು ಸಾವಧಾನವಾಗಿ ಮನನ ಮಾಡಬೇಕಾಗಿದೆ. ಆ ಸಾಹುಕಾರರು ಕಳ್ಳರಲ್ಲ. ಪತ್ರ ಬರೆಯಿಸಿಕೊಂಡು, ಸಾಲ ಕೊಟ್ಟು, ಲೋಕರೂಢಿಯಂತೆ ವ್ಯವಹಾರ ಮಾಡಿದವರು. ಅವರ ಪುಸ್ತಕದಲ್ಲಿ ಲೆಕ್ಕ ಸರಿಯಾಗಿಯೇ ಇದ್ದಿರಬೇಕು. ಆದರೆ ಪುಸ್ತಕದಲ್ಲಿ ಲೆಕ್ಕ ಸರಿಹೋದಾಗಲೇ ದೇವರ ಅಭಿಷೇಕ ನಿಂತಿತ್ತು, ದಾನದ ಒಲೆ ಆರಿತ್ತು. ಧರ್ಮದ ಆಸ್ತಿಯ ಮೇಲಿನ ಲಾಭವು ಲಾಭವಲ್ಲವೆಂದು ಅವರಿಗೆ ಕೊನೆಗೆ ಹೊಳೆಯಿತು. ಒಂದು ಬಸದಿಯನ್ನು ಕಟ್ಟಿಸಿದ ಪುಣ್ಯಕ್ಕಿಂತ ಆ ಪತ್ರಗಳನ್ನು ಬಿಟ್ಟುಕೊಟ್ಟ ಪುಣ್ಯ ಕಡಿಮೆಯಾದುದೇನೂ ಅಲ್ಲ.

ಅಡವು ಬಿಡುಗಡೆಯಾದ ಮೇಲೆ ದಾನಶಾಲೆಗೆ ಮತ್ತೆ ಒಳ್ಳೆಯ ದಿನಗಳು ಬಂದವು. ಸುಮಾರು 1680ರಲ್ಲಿ ಚಿದಾನಂದ ಕವಿಯು ರಚಿಸಿದ ಮುನಿವಂಶಾಭ್ಯುದಯದಿಂದ ತಿಳಿದುಬರುವಂತೆ, ದೊಡ್ಡ ದೇವರಾಜ ಒಡೆಯರ ಆಳ್ವಿಕೆಯಲ್ಲಿ, ಅಂದರೆ 1659ರಿಂದ 1672ರ ಒಳಗೆ, ಚಿಕ್ಕದೇವರಾಜ ಒಡೆಯರು ಬೆಳಗೊಳಕ್ಕೆ ಬಂದು ದಾನಶಾಲೆಯನ್ನು ನೋಡಿ, ಅದರ ನಿರ್ವಹಣೆಗಾಗಿ ಮದನೆ ಎಂಬ ಗ್ರಾಮವನ್ನು ರಾಜರಿಂದ ಕೊಡಿಸಿದರು. ಊರ ನಡುವಿನ ಕಲ್ಯಾಣಿಯ ಕೆಲಸವನ್ನು ಅವರೇ ಆರಂಭಿಸಿದರು. ಅವರ ಟಂಕಸಾಲೆಯ ಅಧಿಕಾರಿ ಅಣ್ಣಯ್ಯನು ಕೃಷ್ಣರಾಜ ಒಡೆಯರ ಕಾಲದಲ್ಲಿ ಅದನ್ನು ಪೂರ್ತಿಗೊಳಿಸಿದನು. 1723ರಲ್ಲಿ ಅದೇ ಕೃಷ್ಣರಾಜ ಒಡೆಯರು ಗೊಮ್ಮಟೇಶ್ವರನ ಸೇವೆಗೆ ಹಲವು ಗ್ರಾಮಗಳನ್ನು ಬಿಟ್ಟಾಗ, ಚಿಕ್ಕದೇವರಾಜರ ಕಲ್ಯಾಣಿಯ ಬಳಿಯ ದಾನಶಾಲೆಗೆಂದು ಕಬ್ಬಾಳು ಗ್ರಾಮವನ್ನು ಪ್ರತ್ಯೇಕವಾಗಿ ಕೊಟ್ಟರು. ದಿವಾನ್ ಪೂರ್ಣಯ್ಯನವರ ಕಾಲದ 1810ರ ನಿರೂಪವೊಂದು ಆ ದತ್ತಿಯನ್ನು ಮುಂದುವರಿಸಿತು. ಪೂಜೆಗೆ ಬೇರೆ ಗ್ರಾಮ, ದಾನಶಾಲೆಗೆ ಬೇರೆ ಗ್ರಾಮ! ಎರಡು ಲೆಕ್ಕಗಳನ್ನು ಕಲೆಸಿದರೆ ಹಬ್ಬದ ವೈಭವಕ್ಕೆ ಹಸಿದವನ ಪಾಲು ಕರಗಿಹೋದೀತೆಂಬ ಎಚ್ಚರ ಈ ವಿಂಗಡಣೆಯಿಂದ ತಾನಾಗಿ ಉಂಟಾಗುತ್ತದೆ.

ದಾನಶಾಲೆಗಳ ಅಗತ್ಯವನ್ನು ಮೈಸೂರು ಸೀಮೆ ಅತಿ ಕಠೋರವಾಗಿ ಅರಿತುಕೊಂಡದ್ದು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಸರ್ಕಾರ ಗಂಜಿಕೇಂದ್ರಗಳನ್ನು ತೆರೆಯಿತು, ಉದಾರಿಗಳು ಅನ್ನ ಹಾಕಿದರು. ಆದರೂ ಲಕ್ಷಾಂತರ ಜನ ಉಳಿಯಲಿಲ್ಲ. ಬರ ಬಂದ ಮೇಲೆ ಒಲೆ ಹೂಡುವುದು ಕಷ್ಟ. ಒಲೆ ಮೊದಲೇ ಉರಿಯುತ್ತಿರಬೇಕು.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಹಳೆಯ ಅನೇಕ ಛತ್ರಗಳಲ್ಲಿ ಒಳಗಿನ ಪಂಕ್ತಿ ಕೆಲವೇ ಜಾತಿಗಳವರಿಗೆ ಮೀಸಲಾಗಿತ್ತು. ಉಳಿದವರಿಗೆ ಹೊರಜಗಲಿ, ಕೆಲವರಿಗೆ ಅದೂ ಇಲ್ಲ. ತೊಟ್ಟಿಯೂ ಪಡಸಾಲೆಯೂ ಎಷ್ಟೇ ಸೊಗಸಾಗಿದ್ದರೂ ಹಸಿದವನೊಬ್ಬನು ಮಳೆಯಲ್ಲಿ ಹೊರಗೆ ನಿಂತಿದ್ದರೆ ಆ ಕಟ್ಟಡದಲ್ಲಿ ದೋಷವಿದೆಯೆಂದೇ ಹೇಳಬೇಕು. ದಯಾದತ್ತಿಯಲ್ಲಿ ಪರೀಕ್ಷೆಯಿಲ್ಲವೆಂಬ ಆಚಾರ್ಯರ ಆಶಯಕ್ಕೆ ಇದು ವಿರುದ್ಧ. ಮುಂದೆ ಕಟ್ಟುವವರು ಹಳೆಯದರ ಕಲ್ಲುಗೆಲಸವನ್ನು ಅನುಸರಿಸಲಿ, ಈ ಭೇದವನ್ನು ಅನುಸರಿಸದಿರಲಿ.

ರೈಲು ಬಂದ ಮೇಲೆ ಛತ್ರಗಳ ಸ್ಥಿತಿ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಗೌರಿಬಿದನೂರಿನ ಮೂಲಕ ರೈಲು ಹಾಯಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಚಿಕ್ಕಬಳ್ಳಾಪುರಕ್ಕೆ ಕಿರಿಯ ಹಳಿಯ ಗಾಡಿ ಬಂತು. ಎರಡು ದಿನದ ದಾರಿ ಅರ್ಧದಿನಕ್ಕೆ ಇಳಿದಾಗ ದಾರಿಯ ಛತ್ರಗಳು ಬರಿದಾದವು, ನಿಲ್ದಾಣದ ಮುಂದಿನ ಛತ್ರಗಳು ತುಂಬಿದವು. ಇದನ್ನು ಮೊದಲೇ ಕಂಡವರು ಗುಬ್ಬಿ ತೋಟದಪ್ಪನವರು. 1838ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಗಳಿಸಿದ ಈ ವರ್ತಕರು 1897ರಲ್ಲಿ ರೈಲು ನಿಲ್ದಾಣದ ಎದುರಿಗೆ ಜಮೀನು ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಆದರೆ ಅವರು ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿದ್ದುದರಿಂದ ಅವರ ಹೆಸರಿನ ಛತ್ರವೂ ವಿದ್ಯಾರ್ಥಿನಿಲಯವೂ ಇಂದಿಗೂ ನಡೆಯುತ್ತಿವೆ. ಕೈವಾರದಲ್ಲಿಯೂ ಅಷ್ಟೆ. ಬಳೆಯ ಮಲಾರವನ್ನು ಹೊತ್ತು ವ್ಯಾಪಾರ ಮಾಡುತ್ತಿದ್ದ ನಾರೇಯಣ ಯತೀಂದ್ರರ ಹೆಸರಿನ ಆಶ್ರಮದಲ್ಲಿ ಇಂದಿಗೂ ಬಂದವರಿಗೆಲ್ಲ ಅನ್ನ ದೊರೆಯುತ್ತಿದೆ. ವ್ಯವಸ್ಥೆಯು ಒಬ್ಬನ ಆಯುಸ್ಸನ್ನು ದಾಟಿ ನಿಂತದ್ದೇ ಇವುಗಳ ಗುಟ್ಟು.

ಸರ್ಕಾರವೂ ಮುಜರಾಯಿ ಇಲಾಖೆಯ ಮೂಲಕ ಬಹುಸಂಖ್ಯೆಯ ಛತ್ರಗಳನ್ನು ನೋಡಿಕೊಂಡಿತು. 1927ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಶಾಸನವನ್ನೇ ಮಾಡಿತು. 1955ರ ಇನಾಮು ರದ್ದತಿಯ ಕಾನೂನಿನಿಂದ ದೇವಸ್ಥಾನ ದಾನಶಾಲೆಗಳ ಇನಾಮು ಗ್ರಾಮಗಳು ಸರ್ಕಾರಕ್ಕೆ ಸೇರಿ, ಅವುಗಳ ಬದಲಿಗೆ ನಗದು ತಸ್ತೀಕು ಬಂತು. ಉಳುವವನಿಗೆ ಭೂಮಿ ದೊರೆತದ್ದು ನ್ಯಾಯವೇ. ಆದರೆ ಭೂಮಿಯ ಉತ್ಪತ್ತಿ ಬೆಲೆಯೊಡನೆ ಏರುತ್ತಿತ್ತು. ಗೊತ್ತುಮಾಡಿದ ನಗದು ಹಾಗೆ ಏರುವುದಿಲ್ಲ. ಒಂದು ಕಾಲಕ್ಕೆ ನೂರಾರು ಎಲೆಗಳಿಗೆ ಸಾಕಾಗುತ್ತಿದ್ದ ಹಣ ಮುಂದೆ ಒಂದು ದಿನದ ಎಣ್ಣೆಬತ್ತಿಗೂ ಸಾಲದಾಯಿತು. ಹೀಗೆ ಒಲೆ ಆರಿದ ಛತ್ರಗಳಲ್ಲಿ ಕೆಲವು ಕಚೇರಿಗಳಾದವು, ಕೆಲವು ಶಾಲೆಗಳಾದವು, ಕೆಲವು ಮದುವೆಯ ಬಾಡಿಗೆಮಂಟಪಗಳಾದವು, ಹಲವು ಕುಸಿದವು.

ಹೋಟೆಲು ವಸತಿಗೃಹಗಳು ಹೆಚ್ಚಿರುವ ಈ ಕಾಲದಲ್ಲಿ ದಾನಶಾಲೆಯಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ದಾರಿಹೋಕನ ವೇಷ ಬದಲಾಗಿದೆಯೇ ಹೊರತು ಅವನು ಇಲ್ಲವಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಯನ್ನು ಸೇರಿಸಿ ಹೊರಗೆ ಮರದಡಿಯಲ್ಲಿ ರಾತ್ರಿ ಕಳೆಯುವ ಬಂಧು ಒಬ್ಬ ದಾರಿಹೋಕ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ದೂರದಿಂದ ಗೂಡು ತಂದ ರೈತ ಒಬ್ಬ ದಾರಿಹೋಕ. ಪರೀಕ್ಷೆಗೆ ಬಂದ ಹಳ್ಳಿಯ ಬಾಲಕ, ಕೂಲಿ ಅರಸಿ ಬಂದ ಕುಟುಂಬ ಇವರೂ ದಾರಿಹೋಕರೇ. ಇವರಿಗೆ ಬೇಕಾದುದು ವೈಭವದ ಭವನವಲ್ಲ. ಒಂದು ಶುಚಿಯಾದ ಪಡಸಾಲೆ, ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ, ಸೂರ್ಯಾಸ್ತಕ್ಕೆ ಮುನ್ನ ಒಂದು ಹೊತ್ತಿನ ಸಾತ್ವಿಕ ಊಟ, ಯಾವ ಜಾತಿಯೆಂದು ಕೇಳದ ಒಬ್ಬ ಮೇಲ್ವಿಚಾರಕ.

ಬೆಳಗೊಳದ ಇತಿಹಾಸವು ಕಟ್ಟಳೆಯ ವಿಷಯದಲ್ಲಿ ಸ್ಪಷ್ಟವಾದ ಪಾಠಗಳನ್ನು ಕಲಿಸುತ್ತದೆ. ಬಸದಿಯ ಲೆಕ್ಕವೂ ದಾನಶಾಲೆಯ ಲೆಕ್ಕವೂ ಬೇರೆ ಬೇರೆ ಇರಲಿ. ಮೂಲನಿಧಿಯನ್ನು ಯಾವ ಕಾರಣಕ್ಕೂ ಮುಟ್ಟದೆ, ಬಂದ ಉತ್ಪತ್ತಿಯಲ್ಲಿ ಸ್ವಲ್ಪಭಾಗವನ್ನು ಪ್ರತಿವರ್ಷ ಮೂಲಕ್ಕೇ ಸೇರಿಸಿದರೆ ಬೆಲೆ ಏರಿದಾಗ ಒಲೆ ಆರದು. ಧರ್ಮದ ಆಸ್ತಿಯನ್ನು ಸಮಾಜದವರೇ ಕಡಿಮೆ ಬಾಡಿಗೆಗೆ ಹಿಡಿಯುವುದೂ 1634ರ ಅಡವಿನ ಇನ್ನೊಂದು ರೂಪವೇ ಸರಿ. ಬಾಡಿಗೆಯ ಮಂಟಪವಿರುವ ಕಡೆ ಪ್ರತಿಯೊಂದು ಮದುವೆಯ ಬಾಡಿಗೆಯಿಂದ ಒಂದು ಪಾಲನ್ನು ಆಹಾರದಾನಕ್ಕೆ ತೆಗೆದಿಡುವುದು ಕಷ್ಟವಲ್ಲ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಸೂರನ್ನು ಪರೀಕ್ಷಿಸುವ ಹೊಣೆ ಒಬ್ಬರದಾಗಿರಲಿ; ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲ.

ಬಂಧುಗಳೆ, ಪ್ರತಿಷ್ಠೆಯೆಂದರೆ ಸ್ಥಿರವಾಗಿ ನಿಲ್ಲಿಸುವುದು. ಈ ದಿನಗಳಲ್ಲಿ ಜಿನಬಿಂಬವು ಸ್ಥಿರವಾಗಿ ನಿಲ್ಲುತ್ತಿದೆ. ಅದರ ಬದಿಯಲ್ಲಿ ಎದ್ದ ಅನ್ನದ ಚಪ್ಪರದಲ್ಲಿ ಒಂದೇ ಒಂದು ಒಲೆಯಾದರೂ ಸ್ಥಿರವಾಗಿ ನಿಂತರೆ ಈ ಮಹೋತ್ಸವವು ಪೂರ್ಣವಾಯಿತೆಂದು ತಿಳಿಯಬಹುದು. ಅಡವಿನ ಪತ್ರಗಳನ್ನು ಬಿಟ್ಟುಕೊಟ್ಟ ಆ ವರ್ತಕರ ಔದಾರ್ಯವು ಈ ಸೀಮೆಯ ವರ್ತಕರಲ್ಲಿಯೂ ನೆಲೆಸಲಿ.

ಸರ್ವಜೀವಿಗಳಿಗೂ ಮಂಗಲವಾಗಲಿ.